ಬಲಗಾಲಿನ ವರ್ಷ

ಕಳೆದ ವಾರ ಗೋಕಾಕದಲ್ಲಿ ದಸ್ತಗೀರ್ ಭಾಯಿಯವರ ಹೊಲಿಗೆ ಅಂಗಡಿಗೆ ಹೋಗಿದ್ದೆ. ಒಳಗೆ ಅವರು ಯಾರದೋ ಖಾಕಿ ಪ್ಯಾಂಟಿಗೆ ನೀರು ಚಿಮುಕಿಸಿ ಇಸ್ತ್ರಿ ಮಾಡುತ್ತಿದ್ದರು. ಒದ್ದೆ ಖಾಕಿ ಬಿಸಿಯಾದಾಗ ಏಳುವ ವಾಸನೆ ಗೊತ್ತಿದ್ದವರಿಗೇ ಗೊತ್ತು. ಅದು ಮೂಗಿಗೆ ಬಡಿದದ್ದೇ ತಡ, ರವಿಕೆಯ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟೆ. “ಏನ್ರಿ ಅಕ್ಕೋರ, ಒಳಗ ಬರ್ರಿ. ಹೊರಗ ನಿಂತು ಅಳತಿ ಕೊಡತೀರೇನು?” ಎಂದು ಭಾಯಿ ನಕ್ಕರು. ಒಳಗೆ ಹೋಗಿ ಬೆಂಚಿನ ಮೇಲೆ ಕೂತೆ. ಮನಸ್ಸು ಮಾತ್ರ, ಅದೇ ಬೆಂಚಿನ ಮೇಲೆ ಕೂತು ನಾನು ಅತ್ತಿದ್ದ ಆ ವರ್ಷಕ್ಕೆ ಹೋಗಿತ್ತು.

ನಾನು ಮೂಡಲಗಿಯ ಕನ್ನಡ ಶಾಲೆಯಲ್ಲಿ ಕಲಿಸುವ ಅಕ್ಕೋರು. ಊರಿನ ಅರ್ಧ ಜನಕ್ಕೆ ಅಕ್ಷರ ತಿದ್ದಿಸಿದ್ದೇನೆ, ಉಳಿದರ್ಧಕ್ಕೆ ಬೈದಿದ್ದೇನೆ. ನಮ್ಮವರ ಹೆಸರು ಬೀರಪ್ಪ. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಫೌಜಿಗೆ ಸೇರಿ, ಹವಾಲ್ದಾರರಾಗಿ ಊರಿಗೆ ಮರಳಿದವರು. ಒಳ್ಳೆಯ ಮನುಷ್ಯ. ಚಹಾ ಮಾಡಲು ಬರುತ್ತದೆ, ರೊಟ್ಟಿ ಬಡಿಯಲು ಬರುತ್ತದೆ, ಹಿಂದಿ, ಪಂಜಾಬಿ, ಡೋಗ್ರಿ ಎಲ್ಲ ಬರುತ್ತವೆ. ‘ನೋಯುತ್ತಿದೆ’ ಎಂಬ ಮಾತು ಮಾತ್ರ ಯಾವ ಭಾಷೆಯಲ್ಲೂ ಬರುವುದಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ಗಟ್ಟಿ ಕಟಕ್ ರೊಟ್ಟಿ ಕೇಳಿ ತಿಂದವರು. ಕುರಿಯ ಹಿಂದೆ ನಡೆಯುವವನು ನಿಂತರೂ ಹಿಂಡು ನಿಲ್ಲುವುದಿಲ್ಲ ಎಂದು ಚಿಕ್ಕಂದಿನಲ್ಲಿ ಮನೆಯವರು ಕಲಿಸಿದರು. ಸಾಹೇಬರು ಹೇಗಿದ್ದೀ ಎಂದು ಕೇಳಿದರೆ ‘ಠೀಕ್ ಹೂಂ ಸಾಬ್’ ಎನ್ನಬೇಕು ಎಂದು ಆಮೇಲೆ ಫೌಜು ಕಲಿಸಿತು. ಇಬ್ಬರು ಗುರುಗಳೂ ಸೇರಿ ಪಾಠ ಮುಗಿಸಿದ ಮೇಲೆ ನಾನು ಮದುವೆಯಾಗಿ ಬಂದೆ.

ಹಿಮದ ಮೇಲಿನ ಒಂದು ಪೋಸ್ಟಿನಲ್ಲಿದ್ದಾಗ, ಬೆನ್ನ ಮೇಲೆ ಸೀಮೆಎಣ್ಣೆಯ ಡಬ್ಬಿ ಹೊತ್ತು ಇಳಿಯುತ್ತಿದ್ದ ನಮ್ಮವರು ಜಾರಿ ಬಿದ್ದು ಬಲ ಮೊಣಕಾಲಿನ ಒಳಗಿನ ಲಿಗಮೆಂಟು ಹರಿದುಕೊಂಡರು. ಆಪರೇಷನ್ ಆಯಿತು. ಆಮೇಲೆ ಅವರನ್ನು ಗುಡ್ಡ ಹತ್ತಿಸಲಿಲ್ಲ, ಸ್ಟೋರಿನಲ್ಲಿ ಕೂರಿಸಿದರು. ನಿವೃತ್ತಿಯ ಹೊತ್ತಿಗೆ ವೈದ್ಯರ ಮಂಡಳಿಯ ಮುಂದೆ ನಿಲ್ಲಿಸಿದರು. ಫೌಜು ಬಿಡುವವನ ಮೈಯಲ್ಲಿ ಊನ ಉಳಿದಿದ್ದರೆ ಅದು ಸೇವೆಯಿಂದ ಬಂದದ್ದೋ, ಮನೆಯಿಂದ ತಂದದ್ದೋ ಎಂದು ಆ ಮಂಡಳಿ ಬರೆಯಬೇಕು. ಸೇವೆಯಿಂದ ಬಂದದ್ದಾದರೆ ಅಂಗವೈಕಲ್ಯದ ಪಿಂಚಣಿ ಸಿಗುತ್ತದೆ. ಅಲ್ಲಿದ್ದ ವೈದ್ಯರು ಒಳ್ಳೆಯವರು, ಮಾತುಗಾರರು. ಮೊದಲು ಎಂದಾದರೂ ಕಾಲಿಗೆ ಪೆಟ್ಟಾಗಿತ್ತೇ ಎಂದು ಕೇಳಿದರು. ನಮ್ಮವರ ಮುಖ ಅರಳಿರಬೇಕು. ಹುಡುಗನಾಗಿದ್ದಾಗ ಹಿಂಡಿನ ಜೊತೆ ಕೊಂಕಣದ ಕಡೆ ಹೋದದ್ದು, ಕಲ್ಲಿನ ಸಂದಿಯಲ್ಲಿ ಕಾಲು ಸಿಕ್ಕಿ ಉಳುಕಿದ್ದು, ಅದೇ ಕಾಲಿನಲ್ಲಿ ಊರತನಕ ನಡೆದು ಬಂದದ್ದು, ಒಂದು ಮರಿಯೂ ಹಿಂದೆ ಬೀಳದಂತೆ ನೋಡಿಕೊಂಡದ್ದು, ಎಲ್ಲವನ್ನೂ ಹೇಳಿದರು. ಕುರಿಗಾರರ ಮನೆಯಲ್ಲಿ ಇದು ಹೆಮ್ಮೆಯ ಕಥೆ. ಮಂಡಳಿಯ ಕಾಗದದಲ್ಲಿ ಅದು ಒಂದು ಸಾಲಾಯಿತು: ಕಾಲಿನ ತೊಂದರೆ ಭರ್ತಿಗಿಂತ ಮೊದಲಿನದು, ಸೇವೆಯಿಂದ ಉಂಟಾದದ್ದಲ್ಲ.

ಆ ಪಿಂಚಣಿ ಇಲ್ಲದಿದ್ದರೂ ನನ್ನ ಪಗಾರದಲ್ಲಿ ನಮ್ಮ ಮನೆ ನಡೆಯುತ್ತಿತ್ತು. ಅವರನ್ನು ಕೊರೆದದ್ದು ಆ ಸಾಲು. ಆಯುಷ್ಯದ ಒಳ್ಳೆಯ ಕಾಲವನ್ನೆಲ್ಲ ಕೊಟ್ಟ ಫೌಜೇ ‘ನಿನಗೆ ನಮ್ಮಲ್ಲಿ ಏನೂ ಆಗಿಲ್ಲ’ ಅಂದಂತಾಗಿತ್ತು. ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ. ಆದರೆ ಗಣರಾಜ್ಯೋತ್ಸವದ ಬೆಳಿಗ್ಗೆ ಗೋಕಾಕದಲ್ಲಿ ಮಾಜಿ ಸೈನಿಕರು ಪದಕ ಹಾಕಿಕೊಂಡು ಸಾಲಾಗಿ ನಡೆಯುತ್ತಾರಲ್ಲ, ಅಲ್ಲಿಗೆ ಹೋಗುವುದನ್ನು ಬಿಟ್ಟರು. ಯಾಕೆಂದು ಕೇಳಿದರೆ “ಹೊಲದಾಗ ಕೆಲಸೈತಿ” ಅನ್ನುತ್ತಿದ್ದರು. ನಮಗೆ ಹೊಲವೇ ಇರಲಿಲ್ಲ.

ದಸ್ತಗೀರ್ ಭಾಯಿ ಫೌಜಿನಲ್ಲೇ ದರ್ಜಿಯಾಗಿದ್ದವರು. ಅವರ ಒಂದು ಕಿವಿ ಕೇಳುವುದಿಲ್ಲ. ಆ ಕಿವಿಯ ಅರ್ಜಿಯೂ ಹೋಗಿ, ತಿರುಗಿ ಬಂದು, ಮತ್ತೆ ಹೋಗಿ ಕಡೆಗೆ ಒಪ್ಪಿಗೆಯಾಗಿತ್ತು. ಹೀಗಾಗಿ ಗೋಕಾಕ, ಹುಕ್ಕೇರಿ ಕಡೆಯ ಮಾಜಿ ಸೈನಿಕರು ಪ್ಯಾಂಟು ಹೊಲಿಸಲು ಬಂದವರು ಅರ್ಜಿಯನ್ನೂ ಬರೆಸಿಕೊಂಡು ಹೋಗುತ್ತಿದ್ದರು. ನಮ್ಮವರನ್ನು ಎಳೆದು ಕೂರಿಸಿ ಮೊದಲ ಮೇಲ್ಮನವಿ ಬರೆಸಿದವರೂ ಅವರೇ. ಅದು ತಿರಸ್ಕೃತವಾಯಿತು. ಎರಡನೆಯದೂ ಅದೇ ಹಾದಿ ಹಿಡಿಯಿತು. ಆಗ ಭಾಯಿ ಬೆಂಗಳೂರಿನ ಒಬ್ಬ ವಕೀಲೆಯನ್ನು ಹುಡುಕಿಕೊಟ್ಟರು, ಸೈನಿಕರ ಪ್ರಕರಣಗಳನ್ನು ನೋಡುವ ನ್ಯಾಯಮಂಡಳಿಗೆ ಅವರ ಮೂಲಕ ಅರ್ಜಿ ಹಾಕಿದೆವು. ಅಲ್ಲಿಯವರು ಎಲ್ಲ ಓದಿದರು. ಭರ್ತಿ ಮಾಡಿಕೊಳ್ಳುವಾಗ ಈತನ ಕಾಲು ಗಟ್ಟಿಯಿದೆ ಎಂದು ನೀವೇ ಬರೆದುಕೊಂಡಿದ್ದೀರಿ, ಈಗ ಹಳೆಯ ರೋಗ ಎಂದರೆ ಹೇಗೆ, ಹೊಸ ವೈದ್ಯರ ಮಂಡಳಿ ಮತ್ತೊಮ್ಮೆ ನೋಡಲಿ ಎಂದು ಹೇಳಿ ಪ್ರಕರಣವನ್ನು ವಾಪಸ್ ಕಳಿಸಿದರು.

ಆ ಆದೇಶ ಕೈಗೆ ಬಂದದ್ದು ಜೂನಿನಲ್ಲಿ, ಮಿರಗದ ಮಳೆ ಹಿಡಿದ ವಾರ. ಶಾಲೆ ಆಗಷ್ಟೇ ಶುರುವಾಗಿತ್ತು. ನನ್ನ ಕಣ್ಣಿಗೆ ಬಿದ್ದದ್ದು ‘ವಾಪಸ್’ ಎಂಬ ಒಂದೇ ಮಾತು. ನಮ್ಮವರಿಗೆ ತೋರಿಸಲು ಧೈರ್ಯ ಸಾಲದೆ, ಅರ್ಧ ದಿನದ ರಜೆ ಹಾಕಿ, ಸೋರುವ ಬಸ್ಸಿನಲ್ಲಿ ತೊಯ್ಯುತ್ತ ಗೋಕಾಕಿಗೆ ಹೋಗಿ ಭಾಯಿಯ ಬೆಂಚಿನ ಮೇಲೆ ಕೂತು ಅತ್ತೆ.

“ಮತ್ತ ತಿರುಗಿ ಕಳಿಸ್ಯಾರರಿ ಭಾಯಿ. ಇನ್ನ ಮುಗೀತು.”

ಭಾಯಿ ಕೇಳುವ ಕಿವಿಯನ್ನು ನನ್ನ ಕಡೆ ತಿರುಗಿಸಿದರು. ಆದೇಶವನ್ನು ಪೂರ್ತಿ ಓದಿದರು. ಆಮೇಲೆ ಕತ್ತರಿ ಕೆಳಗಿಟ್ಟು ಕೇಳಿದರು:

“ಅಕ್ಕೋರ, ನಾ ಹೊಲದು ಕೊಟ್ಟ ಅಂಗಿ ಗಿರಾಕಿ ತಿರುಗಿ ತಂದಾನ ಅಂದ್ರ ಏನರ್ಥ? ಅಂವಗ ಆ ಅಂಗಿ ಬೇಕಾಗೇತಿ ಅಂತ. ಬ್ಯಾಡಾದಾಂವ ತಿರುಗಿ ಬರಂಗಿಲ್ಲ, ಬ್ಯಾರೆ ಅಂಗಡಿಗೆ ಹೋಗತಾನ. ಇದು ಸೋತದ್ದಲ್ಲರಿ. ಹೊಲಿಗಿ ಬಿಚ್ಚಿ ಮತ್ತ ಹಾಕ್ರಿ ಅಂದಾರ, ಅಷ್ಟ.”

“ಮತ್ತ ಡಾಕ್ಟರ್ ಮುಂದ ಹೋಗಿ ಇವರು ಅದ ಕುರಿ ಕಥಿ ಹೇಳಿದ್ರ?”

“ಆ ಅಂಜಿಕಿ ನನಗೂ ಐತಿ,” ಎಂದರು ಭಾಯಿ. “ಇಷ್ಟ ದಿನಾ ಕಾಗದ ಮಾತಾಡಿದ್ವು. ಈ ಸಲ ಬೀರಪ್ಪನ ಬಾಯಿ ತಗೀಬೇಕು.”

ಅಳು ನಿಂತಿತು. ಭಯ ಹೊಸದಾಗಿ ಶುರುವಾಯಿತು. ನಮ್ಮವರ ಬಾಯಿಯ ಮೇಲೆ ಭರವಸೆ ಇಡುವುದೆಂದರೆ ಮಳೆಗಾಲದಲ್ಲಿ ನಮ್ಮ ಶಾಲೆಯ ಛಾವಣಿಯ ಮೇಲೆ ಭರವಸೆ ಇಟ್ಟ ಹಾಗೆ.

ಪಡುವಣ ಸೀಮೆಗೆ ಮೇಯಲು ಹೋದ ಕುರಿಗಳು ಮಳೆ ಜೋರಾಗುವ ಹೊತ್ತಿಗೆ ನಮ್ಮ ಕಡೆ ಮರಳುತ್ತವೆ. ನಮ್ಮವರ ಅಣ್ಣ ಲಕ್ಕಪ್ಪ ಇಂದಿಗೂ ಹಿಂಡು ಬಿಟ್ಟವರಲ್ಲ. ಹಿಂಡು ಹೆದ್ದಾರಿಯ ಬದಿಯ ಕಣಗಲಾ ಊರಿಗೆ ಬಂತು ಅಂದರೆ ಮನೆಯವರು ಬುತ್ತಿ ಕಟ್ಟಿಕೊಂಡು ದಾರಿಗೇ ಹೋಗಿ ಅವರಿಗೆ ಉಣಿಸಬೇಕು. ಅದು ನಮ್ಮ ಮನೆಯ ವಾಡಿಕೆ. ಆ ವರ್ಷವೂ ಹೋದೆವು. ಹೆದ್ದಾರಿಯ ಮೇಲೆ ಲಾರಿಗಳು ನೀರು ಹಾರಿಸುತ್ತ ಓಡುತ್ತಿದ್ದವು. ಈಚೆಯ ಹೊಲದಲ್ಲಿ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು, ಒದ್ದೆ ಉಣ್ಣೆಯ ಕಮಟು ಎಲ್ಲೆಡೆ ತುಂಬಿತ್ತು. ಕಂಬಳಿಯ ಕೆಳಗೆ ಕೂತು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಿಚ್ಚಿದೆ. ಊಟದ ನಡುವೆ ನನಗೆ ತಡೆಯಲಾಗಲಿಲ್ಲ.

“ಸಣ್ಣಾವರಿದ್ದಾಗ ಉಳುಕಿದ ಕಾಲಿನ ಸಲುವಾಗಿ ಇಷ್ಟೆಲ್ಲಾ ಆಗೇತಿ ನೋಡ್ರಿ ಭಾವಾ,” ಎಂದು ಪ್ರಕರಣದ ಕಥೆಯನ್ನೆಲ್ಲ ಹೇಳಿದೆ.

ಲಕ್ಕಪ್ಪ ತುತ್ತು ಎತ್ತಿದ ಕೈ ನಿಲ್ಲಿಸಿದರು. “ಯಾವ ಕಾಲು ಯವ್ವಾ?”

“ಇದರಿ. ಆಪರೇಷನ್ ಆದದ್ದು. ಬಲಗಾಲು.”

“ಅಂದು ಉಳುಕಿದ್ದು ಎಡಗಾಲು. ನಾನ ಇವನ್ನ ಹೆಗಲ ಮ್ಯಾಲ ಹೊತ್ತು ಹಳ್ಳ ದಾಟಿಸೇನಿ. ಬಾತ ಪಾದ ನನ್ನ ಎದಿ ಮುಂದ ಜೋತಾಡತಿತ್ತು. ಮರಿತೇನೇನು?”

“ಮತ್ತ ಊರತನಕಾ ನಡದ ಬಂದೆ ಅಂತಾರಲ್ಲರಿ ಇವರು?”

“ಹಳ್ಳದ ಆಚಿಕಡೆ ನಡದ. ಈಚಿಕಡೆ ನಾ ಹೊತ್ತೆ.”

ನಾನು ಗಂಡನ ಕಡೆ ತಿರುಗಿದೆ. ಅವರು ರೊಟ್ಟಿಯನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು.

“ನಿಮಗ ಗೊತ್ತಿತ್ತೇನ್ರಿ, ಬ್ಯಾರೆ ಕಾಲಂತ?”

“ಗೊತ್ತಿತ್ತು.”

“ಮತ್ತ ಇಷ್ಟ ವರ್ಷ ಯಾಕ ಹೇಳಲಿಲ್ಲ?”

“ಸಾಹೇಬ್ರು ಬರದಬಿಟ್ಟಿದ್ರು. ಬರದ ಮ್ಯಾಲ, ತಪ್ಪೈತಿ ಸಾಬ್ ಅಂತ ಹೆಂಗ ಅನ್ನೂದು?” ಇನ್ನೂ ಸಣ್ಣ ದನಿಯಲ್ಲಿ ಸೇರಿಸಿದರು: “ಅದು ಎಡಗಾಲು ಅಂದ್ರ, ಬಲಗಾಲ ನೋಯತೈತಿ ಅಂತ ಹೇಳಬೇಕಾಗತಿತ್ತು.”

ನನಗೆ ಬಂದ ಸಿಟ್ಟಿಗೆ ಆ ಹೊಲದಲ್ಲಿ ಮಳೆ ಬಿದ್ದದ್ದು ಒಳ್ಳೆಯದೇ ಆಯಿತು. ಎರಡು ಮೇಲ್ಮನವಿ, ಬೆಂಗಳೂರಿನ ವಕೀಲೆ, ಭಾಯಿ ಅಂಗಡಿ ಬಿಟ್ಟು ಬರೆದುಕೊಟ್ಟ ಅರ್ಜಿಗಳು, ಇಷ್ಟರ ನಡುವೆ ಈ ಮನುಷ್ಯ ಒಂದು ಮಾತನ್ನು ಬಾಯಲ್ಲಿ ಇಟ್ಟುಕೊಂಡು ಕೂತಿದ್ದರು. ಅವರ ಮುಖ ನೋಡಿದೆ. ಆ ಮುಖದಲ್ಲಿ ಹಟ ಕಾಣಲಿಲ್ಲ, ನಾಚಿಕೆ ಕಂಡಿತು. ನನ್ನ ಸಿಟ್ಟು ಕರಗಿ ಸಂಕಟವಾಯಿತು.

ಲಕ್ಕಪ್ಪನವರು ಕೈ ತೊಳೆದುಕೊಂಡು ತಮ್ಮನ ಪಕ್ಕ ಬಂದು ಕೂತರು. “ಕುಂಟೂ ಕುರಿ ಹಿಂಡಿನಾಗ ಕುಂಟಂಗಿಲ್ಲ ಬೀರ್ಯಾ. ತೋಳ ನೋಡೀತು ಅಂತ ಅದಕ್ಕ ಅಂಜಿಕಿ. ಪಾಪ, ಅದಕ್ಕ ಬಾಯಿಲ್ಲ. ನಿನಗ ದೇವರು ಬಾಯಿ ಕೊಟ್ಟಾನ. ಅಲ್ಲಿ ತೋಳನೂ ಇಲ್ಲ.”

ಮರುದಿನ ಹಿಂಡನ್ನು ಜೊತೆಯವರಿಗೆ ಒಪ್ಪಿಸಿ ಅವರು ನಮ್ಮೊಂದಿಗೆ ಹುಕ್ಕೇರಿಗೆ ಬಂದರು. ನೋಟರಿಯ ಮುಂದೆ, ಉಳುಕಿದ್ದು ಎಡಗಾಲು, ಹೊತ್ತವನು ನಾನು ಎಂದು ಬರೆಸಿ ಸಹಿ ಮಾಡಿದರು. ಮಳೆಯಲ್ಲಿ, ಮರಿಗಳಿರುವ ಹಿಂಡನ್ನು ದಾರಿಯ ಮೇಲೆ ಬಿಟ್ಟು ಕುರಿಗಾರ ಒಂದು ದಿನ ಕಚೇರಿಯಲ್ಲಿ ಕೂರುವುದೆಂದರೆ ಏನೆಂದು ಆ ಮನೆಯ ಸೊಸೆಯಾದ ನನಗೆ ಗೊತ್ತು. ಆ ಉಪಕಾರವನ್ನು ನಾನು ಇವತ್ತಿಗೂ ಮರೆತಿಲ್ಲ. ವಕೀಲೆ ಫೋನಿನಲ್ಲಿ, “ಇದು ಒಳ್ಳೆಯದಾಯಿತು, ಮಂಡಳಿಗೆ ಕಳಿಸುತ್ತೇನೆ. ಆದರೆ ವೈದ್ಯರು ಕೇಳುವುದು ಇವರನ್ನೇ. ಅಲ್ಲಿ ಇವರು ಚೆನ್ನಾಗಿದ್ದೇನೆ ಎಂದುಬಿಟ್ಟರೆ ಯಾರೂ ಏನೂ ಮಾಡಲಾಗುವುದಿಲ್ಲ,” ಎಂದರು.

ಆ ಮಳೆಗಾಲವೆಲ್ಲ ನಮ್ಮ ಮನೆಯಲ್ಲಿ ಒಂದೇ ಪಾಠ. ಘಟಪ್ರಭೆ ಕೆಂಪಗೆ ತುಂಬಿ ಹರಿಯಿತು, ಕೊಣ್ಣೂರಿನ ಕಬ್ಬು ನೀರಿನಲ್ಲಿ ನಿಂತಿತು, ಶಾಲೆಗೆ ಕೆಲವು ದಿನ ಸೂಟಿ ಬಿಟ್ಟರು. ನಮ್ಮ ಪಾಠಕ್ಕೆ ಸೂಟಿ ಇರಲಿಲ್ಲ. ಭಾನುವಾರ ಗೋಕಾಕಿಗೆ ಹೋದರೆ ಭಾಯಿ ಅಳತೆಯ ಪಟ್ಟಿಯನ್ನೇ ಡಾಕ್ಟರರ ಹಾಗೆ ಕೊರಳಿಗೆ ಹಾಕಿಕೊಂಡು ಕೂರುತ್ತಿದ್ದರು. “ಹವಾಲ್ದಾರ್ ಬೀರಪ್ಪ, ಕೈಸೇ ಹೋ?” ಎಂದು ಅವರು ಕೇಳಿದ್ದೇ ತಡ, ನಮ್ಮವರು ಬೆನ್ನು ನೆಟ್ಟಗೆ ಮಾಡಿ, “ಠೀಕ್ ಹೂಂ ಸಾಬ್.” ಭಾಯಿ ತಲೆ ಚಚ್ಚಿಕೊಳ್ಳುವರು. ಬಟ್ಟೆ ಕೊಡಲು ಬಂದ ಗಿರಾಕಿಗಳೂ ಪಾಠಕ್ಕೆ ಸೇರಿಕೊಳ್ಳುವರು. “ಸ್ವಲ್ಪ ನೋಯತೈತಿ ಅನ್ರಿ ಕಾಕಾ, ಏನ ಹೋಗತೈತಿ ನಿಮ್ಮ ಗಂಟು?” ಎಂದು ಒಬ್ಬ ಹೆಣ್ಣುಮಗಳು ಅಂದಳು. ನಮ್ಮವರು ಬೆವೆತರು. ಎಷ್ಟೋ ಮಕ್ಕಳಿಗೆ ಮಗ್ಗಿ ಕಲಿಸಿದ ನನಗೆ ಒಬ್ಬ ಗಂಡನಿಗೆ ಒಂದು ವಾಕ್ಯ ಕಲಿಸಲು ಆಗಲಿಲ್ಲ. ಶ್ರಾವಣದ ಹೊತ್ತಿಗೆ ‘ಥೋಡಾ’, ಅಂದರೆ ‘ಸ್ವಲ್ಪ’ ಎಂಬಲ್ಲಿಗೆ ಬಂದರು. ಅದರ ಮುಂದಿನ ಮಾತು ಬರಲೇ ಇಲ್ಲ.

ಹೊಸ ಮಂಡಳಿಯ ಕರೆ ಬಂದದ್ದು ದಸರೆಯ ಬನ್ನಿ ಹಬ್ಬ ಕಳೆದ ಮೇಲೆ. ಪರ ಊರಿನ ದೊಡ್ಡ ಮಿಲಿಟರಿ ಆಸ್ಪತ್ರೆ. ಭಾಯಿ ಅಂಗಡಿಗೆ ಬೀಗ ಹಾಕಿ ನಮ್ಮ ಜೊತೆ ಹೊರಟರು. ಹೊರಡುವ ಬೆಳಿಗ್ಗೆ ನೋಡಿದರೆ ನಮ್ಮವರು ಬೂಟಿಗೆ ಪಾಲಿಶ್ ಹಾಕುತ್ತ ಕೂತಿದ್ದರು.

“ಇವತ್ತ ಪರೇಡ್ ಇಲ್ರಿ,” ಎಂದೆ.

“ಕಾಲ ನೋಯತೈತಿ ಅಂತ ಬೂಟ ಹೊಲಸ ಇಡಬೇಕೇನು?” ಎಂದರು.

ಆಸ್ಪತ್ರೆಯ ಪಡಸಾಲೆಯಲ್ಲಿ ದೇಶದ ಎಲ್ಲ ಮೂಲೆಯ ಗಂಡಸರು ಗೋಡೆಗೆ ಒರಗಿ ಕೂತಿದ್ದರು. ಹೆಸರು ಕರೆದಾಗ ಒಬ್ಬೊಬ್ಬರೂ ನೆಟ್ಟಗೆ ಎದ್ದು, ಎದೆ ಸೆಟೆಸಿ, ಚೂರೂ ಕುಂಟದೆ ಒಳಗೆ ನಡೆಯುತ್ತಿದ್ದರು. ನಗುವುದೋ ಅಳುವುದೋ ತಿಳಿಯಲಿಲ್ಲ. ನಮ್ಮವರ ಹೆಸರು ಬಂತು. ಅವರೂ ಎದ್ದರು. ಬಸ್ಸಿನಿಂದ ಇಳಿಯುವಾಗ ಭಾಯಿಯ ಹೆಗಲು ಹಿಡಿದಿದ್ದವರು, ಆ ಬಾಗಿಲಿನತನಕ ಫೌಜಿಗೆ ಹೊಸದಾಗಿ ಭರ್ತಿಯಾದ ರಂಗ್ರೂಟಿನ ಹಾಗೆ ಟಪಟಪ ನಡೆದುಹೋದರು. ಭಾಯಿ ಕಣ್ಣು ಮುಚ್ಚಿಕೊಂಡು ಏನೋ ಪಠಿಸತೊಡಗಿದರು. ನಾನು ಬೀರದೇವರನ್ನು ನೆನೆದೆ.

ಬಹಳ ಹೊತ್ತಿನ ಮೇಲೆ ಹೊರಗೆ ಬಂದರು. ಕುಂಟುತ್ತ ಬಂದರು. ಬಂದು ಬೆಂಚಿನ ಮೇಲೆ ಕೂತು, ನೀರು ಕುಡಿದು, ಒಳಗೆ ನಡೆದದ್ದನ್ನು ಹೇಳಿದರು.

“ಹೆಣ್ಣಮಗಳು, ಮೇಜರ್ ಸಾಹೇಬ್ರು. ಮಗಳಾಗೂ ವಯಸ್ಸಿನಾಕಿ. ಹೆಂಗದೀರಿ ಅಂದ್ರು. ಠೀಕ್ ಹೂಂ ಅಂದಬಿಟ್ಟೆ.”

ನಾನು ಹಣೆ ಹಿಡಿದುಕೊಂಡೆ.

“ಅವರು ಬರಿಯಾಕ ಪೆನ್ನ ತಗೊಂಡ್ರು. ಅದು ಕಾಗದದ ಮ್ಯಾಲ ಇಳಿಯೂದು ನೋಡಿದೆ. ಅಣ್ಣ ಮಳ್ಯಾಗ ಹಿಂಡ ಬಿಟ್ಟು ಬಂದದ್ದು ನೆನಪಾತು. ‘ತಡೀರಿ ಮೇಡಂ, ನಾ ಸುಳ್ಳ ಹೇಳಿದೆ’ ಅಂದೆ, ಹಿಂದಿಯೊಳಗ. ಪೆನ್ನ ಕೆಳಗ ಇಟ್ರು. ಆಮ್ಯಾಗ ಎಲ್ಲಾ ಹೇಳಿದೆ. ಹಳೇ ಕಾಗದದಾಗ ಬರದದ್ದು ತಪ್ಪೈತಿ, ಅದು ಎಡಗಾಲು, ಇದು ಬರ್ಫದಾಗ ಬಿದ್ದ ಬಲಗಾಲು ಅಂತ. ಮೆಟ್ಟಲಾ ಇಳಿಯಾಕ ಆಗಂಗಿಲ್ಲ ಅಂತನೂ ಹೇಳಿದೆ.”

“ಅವರೇನಂದ್ರು?”

“ಕುಂತ ಮಾತಾಡ್ರಿ ಹವಾಲ್ದಾರ್ ಸಾಬ್ ಅಂದ್ರು.” ಅಷ್ಟು ಹೇಳಿ ನಮ್ಮವರು ಆಚೆ ಮುಖ ತಿರುಗಿಸಿಕೊಂಡರು. ನನ್ನೆದುರು ಅವರ ಕಣ್ಣು ತುಂಬಿದ್ದನ್ನು ಅದೇ ಮೊದಲು ನೋಡಿದೆ. ಮಂಡಳಿ ಏನು ಬರೆಯುತ್ತದೋ ಬರೆಯಲಿ, ನನಗೆ ಬೇಕಾದದ್ದು ಸಿಕ್ಕಿತು ಅನ್ನಿಸಿತು.

ಆಮೇಲೆ ಕಾದೆವು. ಚಳಿ ಬಂತು, ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರುಗಳು ಬಂದವು, ಅವು ಬೀಳಿಸಿದ ಜಲ್ಲೆಗಳನ್ನು ನಮ್ಮ ಶಾಲೆಯ ಮಕ್ಕಳು ತಿಂದು ಮುಗಿಸಿದರು. ಸಂಕ್ರಾಂತಿಯ ಆಸುಪಾಸಿನಲ್ಲಿ ಉತ್ತರ ಬಂತು. ಬಲ ಮೊಣಕಾಲಿನ ಊನ ಸೇವೆಯಿಂದ ಉಂಟಾದದ್ದು. ನಮ್ಮವರು ನಿಂತು ಓದಿದರು, ಕೂತು ಓದಿದರು, ಆಮೇಲೆ ನನ್ನ ಕೈಗೆ ಕೊಟ್ಟು “ನೀ ಓದು, ನಿನಗ ಚಲೋ ಓದಾಕ ಬರತೈತಿ” ಎಂದರು. ಅಕ್ಕೋರ ದನಿಯಲ್ಲಿ ಗಟ್ಟಿಯಾಗಿ ಓದಿದೆ. “ಅಣ್ಣಗ ಫೋನ್ ಹಚ್ಚು” ಎಂದರು. ಆಚೆಯಿಂದ ಕುರಿಗಳ ಸದ್ದಿನ ನಡುವೆ ಲಕ್ಕಪ್ಪನವರ ದನಿ ಕೇಳಿತು. ಅಣ್ಣ ತಮ್ಮ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಮಾತಾಡುವ ಮನೆತನವೇ ಅಲ್ಲ ಅದು.

ದಾರಿಯ ಮೇಲೆ ಹಿಂಡು ಬಿಟ್ಟು ಬಂದ ಭಾವ, ಅಂಗಡಿಗೆ ಬೀಗ ಹಾಕಿದ ಭಾಯಿ, ಮುಖ ನೋಡದೆ ನಮ್ಮ ಪರವಾಗಿ ವಾದಿಸಿದ ವಕೀಲೆ, ಪೆನ್ನು ಕೆಳಗಿಟ್ಟ ಆ ಮೇಜರ್ ಹೆಣ್ಣುಮಗಳು. ಇವರಲ್ಲಿ ಒಬ್ಬರು ಇಲ್ಲದಿದ್ದರೂ ಆ ಸಾಲು ಹಾಗೇ ಉಳಿಯುತ್ತಿತ್ತು. ನಾನು ದೊಡ್ಡ ದೈವಭಕ್ತೆಯಲ್ಲ. ಆದರೂ ಇಂಥ ಜನ ನಮ್ಮ ಪಾಲಿಗೆ ಬಂದದ್ದಕ್ಕೆ ಯಾರಿಗೆ ಕೈ ಮುಗಿಯಬೇಕೋ ಅವರಿಗೆ ದಿನಾ ಮುಗಿಯುತ್ತೇನೆ.

ಆ ಗಣರಾಜ್ಯೋತ್ಸವಕ್ಕೆ ನಮ್ಮವರು ಪದಕ ಹಾಕಿಕೊಂಡು ಗೋಕಾಕಿಗೆ ಹೊರಟರು. ಮಾಜಿ ಸೈನಿಕರ ಸಾಲು ಬ್ಯಾಂಡಿನ ಹಿಂದೆ ಹೊರಟಿತು. ನಾವು ಹೆಂಗಸರು ರಸ್ತೆಯ ಬದಿಯಲ್ಲಿ ನಡೆದೆವು. ಮೊದಲು ಎಲ್ಲ ಚೆನ್ನಾಗಿತ್ತು. ಬೋಳುತಲೆಗಳ ಮೇಲೆ ಟೋಪಿ, ಹೊಟ್ಟೆಗಳ ಮೇಲೆ ಕೋಟು, ಆದರೂ ಹೆಜ್ಜೆ ಮಾತ್ರ ಒಂದೇ. ರಸ್ತೆ ಇಳಿಜಾರಿಗೆ ಬಂತು. ಮುಂದಿನವರು ಬಿರುಸಾದರು. ನಮ್ಮವರ ದವಡೆ ಬಿಗಿಯಿತು. ಆ ದವಡೆ ನನಗೆ ಗೊತ್ತು. ಈಗ ಹಲ್ಲು ಕಚ್ಚಿ ಇಳಿಯುತ್ತಾರೆ, ವಾರಗಟ್ಟಲೆ ಹಾಸಿಗೆ ಹಿಡಿಯುತ್ತಾರೆ, ಕೇಳಿದರೆ ಏನಿಲ್ಲ ಅನ್ನುತ್ತಾರೆ ಅಂದುಕೊಂಡೆ.

“ಸಾವಕಾಶ ನಡೀರಿ,” ಎಂದರು ನಮ್ಮವರು. “ನನ್ನ ಕಾಲ ನೋಯಾಕತ್ತೈತಿ.”

ಪಕ್ಕದಲ್ಲಿದ್ದ ದಸ್ತಗೀರ್ ಭಾಯಿಯ ಕೇಳದ ಕಿವಿ ಆ ಕಡೆಗಿತ್ತು. “ಏನಂದಿ?” ಎಂದರು.

ನಮ್ಮವರು ಬ್ಯಾಂಡಿನ ಸದ್ದನ್ನೂ ಮೀರಿಸಿ, ಇಡೀ ಪೇಟೆಗೆ ಕೇಳುವಂತೆ ಹೇಳಿದರು: “ನನ್ನ ಕಾಲ ನೋಯಾಕತ್ತೈತಿ.”

ಸಾಲು ತಬ್ಬಿಬ್ಬಾಯಿತು. ಆಮೇಲೆ ಹಿಂದಿನಿಂದ ಯಾರೋ, “ಪುಣ್ಯಾ ಕಟಗೊಂಡಿ ಮಾರಾಯಾ, ನನ್ನ ಸೊಂಟ ಹಿಡದು ಬಾಳ ಹೊತ್ತಾತು,” ಎಂದರು. “ನಂದೂ ಮೊಣಕಾಲು,” ಎಂದರು ಇನ್ನೊಬ್ಬರು. ಮುಂದಿದ್ದ ಸುಬೇದಾರರು ತಿರುಗಿ ನೋಡಿ, ತಮ್ಮ ಹೆಜ್ಜೆ ನಿಧಾನ ಮಾಡಿದರು. ಬ್ಯಾಂಡಿನವರೂ ನಿಧಾನ ಮಾಡಬೇಕಾಯಿತು. ಇಡೀ ಸಾಲು ನಮ್ಮವರ ಬಲಗಾಲಿನ ಹೆಜ್ಜೆಗೆ ಹೆಜ್ಜೆ ಹಾಕುತ್ತ ಇಳಿಜಾರು ಇಳಿಯಿತು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡು, ಬದಿಯಲ್ಲಿ ಅವರ ಜೊತೆಗೇ, ಅಷ್ಟೇ ಸಾವಕಾಶವಾಗಿ ನಡೆದೆ.